ಕಾಲಿಗೆ ಸಿಕ್ಕ ಕೀಲಿಮಣೆ

ಭಾನುವಾರ ಸಂಜೆ, ಮಾಲ್‌ನ ಮೇಲಿನ ಮಹಡಿಯ ಗೇಮ್ ಜೋನ್. ಬಂದೂಕಿನ ಆಟ, ಕಾರ್ ರೇಸ್, ಬಾಸ್ಕೆಟ್‌ಬಾಲ್ ಬುಟ್ಟಿಗಳ ಗದ್ದಲದ ನಡುವೆ ಒಂದು ಯಂತ್ರದ ಸುತ್ತ ಮಾತ್ರ ಜನ ಗುಂಪುಗೂಡಿದ್ದಾರೆ. ನಡುವೆ ಹದಿಹರೆಯದ ಹುಡುಗಿಯೊಬ್ಬಳು ಬೆನ್ನ ಹಿಂದಿನ ಕಂಬಿಗೆ ಕೈ ಊರಿ, ಪರದೆಯಲ್ಲೇ ಕಣ್ಣು ನೆಟ್ಟಿದ್ದಾಳೆ. ಬಾಣದ ಗುರುತುಗಳು ಕೆಳಗಿನಿಂದ ಮೇಲಕ್ಕೆ ಹರಿದು ಬರುತ್ತಿವೆ. ಬಾಣ ಮೇಲಿನ ಗೆರೆ ಮುಟ್ಟುವ ಗಳಿಗೆಗೆ ಸರಿಯಾಗಿ ಅವಳ ಕಾಲು ಅದೇ ದಿಕ್ಕಿನ ಚೌಕವನ್ನು ತುಳಿದಿರಬೇಕು. ಹಾಡು ಓಡುತ್ತಿದೆ, ಕಾಲು ಅದಕ್ಕಿಂತ ಜೋರಾಗಿ ಓಡುತ್ತಿದೆ. ಒಮ್ಮೆಯೂ ಅವಳು ಕೆಳಗೆ ನೋಡುವುದಿಲ್ಲ.

ಇಷ್ಟನ್ನು ನಮ್ಮಲ್ಲಿ ಬಹಳ ಮಂದಿ ನೋಡಿದ್ದೇವೆ. ಅಷ್ಟಾಗಿ ಗೊತ್ತಿಲ್ಲದ ಸಂಗತಿ ಬೇರೆಯೇ ಇದೆ. ಆ ಚೌಕಗಳು ಕುಣಿತಕ್ಕೇ ಮೀಸಲಾಗಿರಬೇಕಿಲ್ಲ. ಕಂಪ್ಯೂಟರಿನ ಪಾಲಿಗೆ ಅವು ಬರೀ ಗುಂಡಿಗಳು. ಅಂಥದೇ ಹಲಗೆಯೊಂದನ್ನು ಮನೆಯ ಕಂಪ್ಯೂಟರಿಗೆ ಸಿಕ್ಕಿಸಿ ಕಾರು ಓಡಿಸಬಹುದು, ಚದುರಂಗದ ಕಾಯಿ ನಡೆಸಬಹುದು, ಕತ್ತಿ ಹಿಡಿದ ಯೋಧನನ್ನು ಕಾದಾಡಿಸಬಹುದು. ಯಾವ ಚೌಕಕ್ಕೆ ಯಾವ ಕೆಲಸ, ಎಷ್ಟು ಬಲವಾಗಿ ಒತ್ತಿದರೆ ಅದು ಒತ್ತು ಎಂಬುದನ್ನು ಆಡುವವರೇ ಗೊತ್ತುಮಾಡಬಹುದು. ಯಂತ್ರಕ್ಕೆ ದೇಹ ಹೊಂದಿಕೊಳ್ಳುವ ಬದಲು ದೇಹಕ್ಕೆ ಯಂತ್ರ ಹೊಂದಿಕೊಳ್ಳುವ ಈ ಸಾಧ್ಯತೆಯೇ ಕಾಲಡಿಯ ಪ್ಯಾಡಿನ ಬಗ್ಗೆ ಬರೆಯುವಂತೆ ಮಾಡುವುದು.

ಇದೆಲ್ಲ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2023ರ ಒಂದು ಸಾಹಸ ಸಾಕ್ಷಿ. ‘ಎಲ್ಡನ್ ರಿಂಗ್’ ಎಂಬ ಆಟದಲ್ಲಿ ಮಲೇನಿಯಾ ಎಂಬ ಎದುರಾಳಿಯಿದ್ದಾಳೆ. ಪಳಗಿದ ಆಟಗಾರರೂ ಅವಳ ಮುಂದೆ ಹತ್ತಾರು ಸಲ ಸೋಲುತ್ತಾರೆ. ಮಿಸ್‌ಮಿಕ್ಕಾ ಎಂಬ ಹೆಸರಿನಲ್ಲಿ ಆಡುವ ಸ್ವೀಡನ್ನಿನ ಆಟಗಾರ್ತಿ ಈ ಆಟದ ಎರಡು ಪ್ರತಿಗಳನ್ನು ಒಟ್ಟಿಗೇ ತೆರೆದು, ಒಂದನ್ನು ಕೈಯ ಕಂಟ್ರೋಲರಿನಿಂದ, ಇನ್ನೊಂದನ್ನು ಡಾನ್ಸ್ ಪ್ಯಾಡ್ ಮೇಲೆ ಕಾಲಿನಿಂದ ಆಡುತ್ತ, ಎರಡರಲ್ಲೂ ಮಲೇನಿಯಾಳನ್ನು ಮಣಿಸಿದರು.

ಕುಣಿತಕ್ಕೂ ಮೊದಲು

ನೆಲದ ಮೇಲಿನ ಚೌಕಗಳಲ್ಲಿ ಕಾಲಿಂದ ಆಡುವುದು ಕುಂಟೆಬಿಲ್ಲೆ ಆಡಿ ಬೆಳೆದ ಯಾರಿಗೂ ಹೊಸತಲ್ಲ. ಹೊಸತು ಎಂದರೆ, ಚೌಕಕ್ಕೆ ತಂತಿ ಕಟ್ಟಿದ್ದು.

1982ರಲ್ಲಿ ಅಮೆರಿಕದ ಅಮಿಗಾ ಕಂಪನಿ ಅಟಾರಿ 2600 ಎಂಬ ವಿಡಿಯೊ ಗೇಮ್ ಯಂತ್ರಕ್ಕಾಗಿ ಜಾಯ್‌ಬೋರ್ಡ್ ಎಂಬ ಹಲಗೆಯನ್ನು ಮಾರುಕಟ್ಟೆಗೆ ತಂದಿತು. ಅದರ ಮೇಲೆ ನಿಂತು ಮೈ ವಾಲಿಸಿದರೆ ಪರದೆಯಲ್ಲಿ ಹಿಮದ ಇಳಿಜಾರಿನಲ್ಲಿ ಜಾರುವವನು ಅತ್ತಿತ್ತ ತಿರುಗುತ್ತಿದ್ದ. ಮುಂದೆ ಅಮಿಗಾ ಕಂಪ್ಯೂಟರ್ ರೂಪಿಸುವಾಗ, ಕೆಲಸ ಕೈಕೊಟ್ಟು ಬೇಸರವಾದರೆ ಅದರ ಎಂಜಿನಿಯರುಗಳು ಈ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಅಲುಗಾಡದೆ ಕೂರಲು ಯತ್ನಿಸುತ್ತಿದ್ದರಂತೆ. ಆ ಕಂಪ್ಯೂಟರ್ ಕೆಟ್ಟು ನಿಂತಾಗ ಪರದೆಯಲ್ಲಿ ಮೂಡುತ್ತಿದ್ದ ‘ಗುರು ಮೆಡಿಟೇಷನ್’ ಎಂಬ ಸಂದೇಶದ ಮೂಲ ಅದೇ.

ಗುಂಡಿಗಳುಳ್ಳ ಚಾಪೆ ಬಂದದ್ದು 1986ರಲ್ಲಿ, ಜಪಾನಿನ ಬಂದಾಯ್ ಕಂಪನಿಯಿಂದ. ನಿಂಟೆಂಡೊ ಯಂತ್ರಕ್ಕೆ ಜೋಡಿಸುವ ಆ ಚಾಪೆ 1988ರ ಹೊತ್ತಿಗೆ ಅಮೆರಿಕದಲ್ಲಿ ಪವರ್ ಪ್ಯಾಡ್ ಎಂದು ಹೆಸರಾಯಿತು. ನಿಂತಲ್ಲೇ ಓಡಿದರೆ ಪರದೆಯ ಓಟಗಾರ ಓಡಬೇಕು, ನೆಗೆದರೆ ನೆಗೆಯಬೇಕು. ಮಕ್ಕಳು ಬಹುಬೇಗ ಇನ್ನೊಂದು ದಾರಿ ಕಂಡುಕೊಂಡರು. ಮಂಡಿಯೂರಿ ಕೂತು ಅಂಗೈಯಿಂದ ಚಾಪೆ ಬಡಿದರೆ ಓಟಗಾರ ಇನ್ನೂ ವೇಗವಾಗಿ ಓಡುತ್ತಿದ್ದ! ತನ್ನನ್ನು ಒತ್ತಿದ್ದು ಪಾದವೋ ಅಂಗೈಯೋ ಎಂದು ಚಾಪೆಗೆ ತಿಳಿಯುವುದಿಲ್ಲ. ಈ ಕುರುಡುತನವೇ ಮುಂದೆ ಅದರ ದೊಡ್ಡ ಗುಣವಾಯಿತು.

ನಿಜವಾದ ಅಲೆ ಎದ್ದದ್ದು 1998ರಲ್ಲಿ. ಕೊನಾಮಿ ಕಂಪನಿಯ ‘ಡಾನ್ಸ್ ಡಾನ್ಸ್ ರೆವಲ್ಯೂಷನ್’ ಜಪಾನಿನ ಆರ್ಕೇಡ್‌ಗಳಿಗೆ ಬಂತು. ಎಡ, ಬಲ, ಮುಂದೆ, ಹಿಂದೆ ಎಂಬ ನಾಲ್ಕು ಬಾಣ, ಕಾಲೇ ಕೈ. ಮರುವರ್ಷ ಕೊರಿಯಾದ ಆಂಡಮಿರೊ ಕಂಪನಿ ‘ಪಂಪ್ ಇಟ್ ಅಪ್’ ತಂದಿತು. ಅದರಲ್ಲಿ ನಾಲ್ಕು ಮೂಲೆಗೆ ನಾಲ್ಕು ಚೌಕ, ನಡುವೆ ಐದನೆಯದು. ಮನೆಯಲ್ಲಿ ಆಡಲು ಮಡಚಿಡಬಹುದಾದ ಪ್ಲಾಸ್ಟಿಕ್ ಚಾಪೆಗಳೂ ಬಂದವು.

ಇಲ್ಲಿಂದ ಕಥೆ ಕಂಪನಿಗಳ ಕೈ ದಾಟಿ ಆಡುವವರ ಕೈಗೆ ಬರುತ್ತದೆ. 2000ದ ದಶಕದ ಆರಂಭದಲ್ಲಿ ‘ಸ್ಟೆಪ್‌ಮೇನಿಯಾ’ ಎಂಬ ಉಚಿತ, ಮುಕ್ತ ತಂತ್ರಾಂಶ ಬಂತು. ತಮಗೆ ಬೇಕಾದ ಹಾಡಿಗೆ ತಾವೇ ಹೆಜ್ಜೆ ಬರೆದು ಸಾಮಾನ್ಯ ಕಂಪ್ಯೂಟರಿನಲ್ಲಿ ಆಡಲು ಅದು ಅವಕಾಶ ಕೊಟ್ಟಿತು. ಹೆಜ್ಜೆ ತಮ್ಮದಾದ ಮೇಲೆ ಹಲಗೆಯೂ ತಮ್ಮದಾಗಬೇಕಲ್ಲ? ಪ್ಲೈವುಡ್, ಲೋಹದ ತಗಡು, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮನೆಯಲ್ಲೇ ಪ್ಯಾಡ್ ಕಟ್ಟುವವರ ಪಂಗಡವೊಂದು ಬೆಳೆಯಿತು.

ತುಳಿದಾಗ ಒಳಗೆ ಆಗುವುದೇನು?

ಅಗ್ಗದ ಚಾಪೆಯನ್ನು ಬಿಚ್ಚಿದರೆ ಒಳಗೆ ಮೂರು ಪದರ. ಮೇಲೊಂದು, ಕೆಳಗೊಂದು ವಿದ್ಯುತ್ ಹರಿಯಬಲ್ಲ ಲೇಪದ ಹಾಳೆ. ನಡುವೆ ತೂತುಗಳಿರುವ ಸ್ಪಂಜು. ತುಳಿದಾಗ ಸ್ಪಂಜು ಅದುಮಿಕೊಂಡು, ತೂತಿನ ಮೂಲಕ ಹಾಳೆಗಳೆರಡೂ ತಾಗಿ, ಸರ್ಕ್ಯೂಟ್ ಪೂರ್ಣವಾಗುತ್ತದೆ. ಕಾಲೆತ್ತಿದರೆ ಸ್ಪಂಜು ಉಬ್ಬಿ ಸಂಪರ್ಕ ಕಡಿಯುತ್ತದೆ. ಸರಳವಾದ ಏರ್ಪಾಟು, ಆದರೆ ಬಾಳಿಕೆ ಕಡಿಮೆ. ಲೇಪ ಸವೆಯುತ್ತದೆ, ಸ್ಪಂಜು ಚಪ್ಪಟೆಯಾಗುತ್ತದೆ, ಇಡೀ ಚಾಪೆಯೇ ನೆಲದ ಮೇಲೆ ಜಾರುತ್ತದೆ.

ಲೋಹದ ಹಲಗೆಯಲ್ಲಿ ಚೌಕದ ಅಂಚುಗಳ ಕೆಳಗೆ ಪಟ್ಟಿಯಂಥ ಸ್ವಿಚ್ಚುಗಳಿರುತ್ತವೆ. ಆದರೆ ಚಾಪೆಯಾಗಲಿ ಲೋಹವಾಗಲಿ, ಇವಕ್ಕೆ ಗೊತ್ತಿರುವುದು ಎರಡೇ ಮಾತು: ಒತ್ತಿದೆ, ಒತ್ತಿಲ್ಲ.

ಇತ್ತೀಚಿನ ಹಲಗೆಗಳಲ್ಲಿ ಮೂರನೆಯ ಬಗೆಯ ಸೆನ್ಸರ್ ಹೆಚ್ಚಾಗಿ ಬಳಕೆಯಲ್ಲಿದೆ. ಎಫ್‌ಎಸ್‌ಆರ್ ಎಂದು ಕರೆಯುವ ಈ ತೆಳು ಪಟ್ಟಿಯ ವಿದ್ಯುತ್ ತಡೆಯು ಭಾರ ಬಿದ್ದಂತೆ ಇಳಿಯುತ್ತ ಹೋಗುತ್ತದೆ. ಪುಟ್ಟ ಮೈಕ್ರೊಕಂಟ್ರೋಲರ್ ಇದನ್ನು ಬಿಡುವಿಲ್ಲದೆ ಅಳೆದು ಒಂದು ಅಂಕಿಯಾಗಿ ಓದುತ್ತದೆ. ಆರ್ಡುಯಿನೊ ಎಂಬ ಸಾಮಾನ್ಯ ಮೈಕ್ರೊಕಂಟ್ರೋಲರ್ ಬೋರ್ಡಿನಲ್ಲಿ ಈ ಅಂಕಿ 0ಯಿಂದ 1023ರವರೆಗೆ. ಅಂದರೆ, ‘ಒತ್ತಿದ್ದಾರೆಯೇ?’ ಎಂಬ ಪ್ರಶ್ನೆಯ ಜಾಗಕ್ಕೆ ‘ಎಷ್ಟು ಒತ್ತಿದ್ದಾರೆ?’ ಎಂಬ ಪ್ರಶ್ನೆ ಬಂತು.

ಉಳಿದದ್ದು ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವ ಕೆಲಸ. ಆರ್ಡುಯಿನೊ ಲಿಯೊನಾರ್ಡೊದಂಥ ಬೋರ್ಡು ಯುಎಸ್‌ಬಿ ತಂತಿಯಲ್ಲಿ ತನ್ನನ್ನು ಕೀಬೋರ್ಡ್ ಎಂದೋ ಗೇಮ್ ಕಂಟ್ರೋಲರ್ ಎಂದೋ ಪರಿಚಯಿಸಿಕೊಳ್ಳುತ್ತದೆ. ಕಂಪ್ಯೂಟರ್ ಅದನ್ನು ನಂಬುತ್ತದೆ. ಎಡ ಚೌಕ ತುಳಿದರೆ ಆಟಕ್ಕೆ ‘ಎ’ ಕೀಲಿ ಒತ್ತಿದಂತೆಯೇ ಕಾಣುತ್ತದೆ. ಆಟವನ್ನು ಬರೆದವರು ಪ್ಯಾಡ್ ಎಂಬ ವಸ್ತುವಿದೆ ಎಂದು ಊಹಿಸಿಯೂ ಇರಬೇಕಾಗಿಲ್ಲ.

ಒಂದು ಎಚ್ಚರದ ಮಾತು. ಹಳೆಯ ಚಾಪೆಗಳನ್ನು ಕಂಪ್ಯೂಟರಿಗೆ ಜೋಡಿಸುವ ಕೆಲವು ಅಗ್ಗದ ಅಡಾಪ್ಟರುಗಳು ಬಾಣದ ಚೌಕಗಳನ್ನು ಗುಂಡಿಗಳೆಂದು ತೋರಿಸದೆ ಜಾಯ್‌ಸ್ಟಿಕ್‌ನ ದಿಕ್ಕುಗಳೆಂದು ತೋರಿಸುತ್ತವೆ. ಜಾಯ್‌ಸ್ಟಿಕ್ ಒಂದೇ ಸಲ ಎಡಕ್ಕೂ ಬಲಕ್ಕೂ ವಾಲಲಾರದು. ಹಾಗಾಗಿ ಎರಡೂ ಕಾಲಿನಿಂದ ಎಡ-ಬಲ ಒಟ್ಟಿಗೆ ತುಳಿದರೆ ಒಂದನ್ನೊಂದು ಹೊಡೆದುಹಾಕಿ ಏನೂ ಆಗುವುದಿಲ್ಲ. ಪ್ಯಾಡ್ ಕೆಟ್ಟಿದೆ ಎಂದುಕೊಂಡು ಮೂಲೆಗೆಸೆದವರು ಎಷ್ಟೋ ಮಂದಿ ಇರಬೇಕು.

ನಿಮ್ಮ ಕಾಲಿಗೆ ತಕ್ಕ ಮಿತಿ

‘ಎಷ್ಟು ಒತ್ತಿದರೆ ಒತ್ತು’ ಎಂಬ ಗಡಿಯನ್ನು ಗೊತ್ತುಮಾಡುವುದು ಮೇಲ್ನೋಟಕ್ಕೆ ಸಣ್ಣ ಕೆಲಸ. ಆಡಲು ಕೂತವರಿಗೆ ಅದೇ ಎಲ್ಲ.

ಕುರ್ಚಿಯಲ್ಲಿ ಕೂತು ಆಡುವವರನ್ನು ನೆನೆಯಿರಿ. ಪಾದ ಸುಮ್ಮನೆ ಚೌಕದ ಮೇಲೆ ಒರಗಿದ್ದಾಗಲೂ ಸ್ವಲ್ಪ ಭಾರ ಬೀಳುತ್ತಲೇ ಇರುತ್ತದೆ. ಮಿತಿಯನ್ನು ಇದಕ್ಕಿಂತ ಕೆಳಗಿಟ್ಟರೆ ಪ್ಯಾಡ್ ಸದಾ ಒತ್ತಿದಂತೆಯೇ ಇರುತ್ತದೆ. ಕಾಲನ್ನು ಗಾಳಿಯಲ್ಲಿ ಹಿಡಿದುಕೊಂಡೇ ಆಡಬೇಕಾಗಿ ಹತ್ತು ನಿಮಿಷಕ್ಕೆ ತೊಡೆ ಸೋಲುತ್ತದೆ. ತೀರಾ ಮೇಲಿಟ್ಟರೆ ಪ್ರತಿ ಸಲವೂ ಗುದ್ದಬೇಕು. ಒರಗಿದ ಪಾದದ ಭಾರಕ್ಕಿಂತ ತುಸುವೇ ಮೇಲೆ ಮಿತಿ ಕೂತಾಗ ಪಾದ ಚೌಕದ ಮೇಲೆಯೇ ವಿಶ್ರಮಿಸಿ, ಬೇಕೆಂದಾಗ ಸ್ವಲ್ಪ ಅದುಮಿದರೆ ಸಾಕು. ನಿಂತು ಆಡುವವರ ಲೆಕ್ಕ ಬೇರೆ. ಇಡೀ ಮೈಭಾರ ಒಂದು ಚೌಕದಿಂದ ಇನ್ನೊಂದಕ್ಕೆ ಸಾಗುತ್ತಿರುವಾಗ ಕಾಲೆತ್ತಿದ್ದು ತಕ್ಷಣ ತಿಳಿಯಬೇಕು.

ಒಂದೇ ಮಿತಿ ಸಾಲುವುದೂ ಇಲ್ಲ. ಭಾರ ಸರಿಯಾಗಿ ಗಡಿಯ ಮೇಲೆ ತೂಗಾಡುತ್ತಿದ್ದರೆ ಕಾಲಿನ ಸಣ್ಣ ನಡುಕವೂ ಒತ್ತು-ಬಿಡು-ಒತ್ತು ಎಂದು ಎಣಿಕೆಯಾಗುತ್ತದೆ. ಅದಕ್ಕೇ ಎರಡು ಗಡಿ: ಮೇಲಿನದನ್ನು ದಾಟಿದರೆ ‘ಒತ್ತಿದೆ’, ಕೆಳಗಿನದಕ್ಕಿಂತ ಇಳಿದರೆ ಮಾತ್ರ ‘ಬಿಟ್ಟಿದೆ’. ಕಾಲು ನಡುಗುವ ತೊಂದರೆಯಿರುವವರಿಗೆ ಈ ಎರಡು ಗಡಿಗಳ ನಡುವಿನ ಅಂತರವನ್ನು ಹಿಗ್ಗಿಸಿದರೆ ಆಡಲಾಗದಿದ್ದ ಪ್ಯಾಡ್ ಆಡುವಂತಾಗುತ್ತದೆ. ಎಡಗಾಲು ಬಲವಾಗಿದ್ದು ಬಲಗಾಲು ಸೋತಿದ್ದರೆ ಪ್ರತಿ ಚೌಕಕ್ಕೂ ಬೇರೆ ಬೇರೆ ಮಿತಿ ಇಡಬಹುದು. ಒಂದು ಅಂಕಿ ಬದಲಿಸುವುದಷ್ಟೇ, ಸ್ಕ್ರೂ ಬಿಚ್ಚಬೇಕಿಲ್ಲ.

ಇನ್ನು ಚೌಕಗಳ ಜಾಗ. ನಾಲ್ಕು ಬಾಣಗಳು ಶಿಲುಬೆಯಾಕಾರದಲ್ಲಿ ಇರಬೇಕೆಂಬ ನಿಯಮ ಕುಣಿತದ ಆಟದ್ದು, ಕಾಲಿನದ್ದಲ್ಲ. ಕೂತವರ ಪಾದಗಳು ಸಹಜವಾಗಿ ಹೊರಕ್ಕೆ ಓರೆಯಾಗಿರುತ್ತವೆ. ಎರಡು ಹಿಮ್ಮಡಿಗಳಿಗೆ ನೆಲೆ ಕೊಟ್ಟು, ಮುಂಗಾಲು ಸುತ್ತುವ ಕಮಾನಿನಲ್ಲಿ ಗುಂಡಿ ಜೋಡಿಸಿದರೆ ಹಿಮ್ಮಡಿ ಎತ್ತದೆಯೇ ಎಲ್ಲವೂ ಎಟುಕುತ್ತದೆ. ಗುಂಡಿ ಸಾಲದಿದ್ದರೆ ಒಂದನ್ನು ಕೀಬೋರ್ಡಿನ ‘ಶಿಫ್ಟ್’ನಂತೆ ಬಳಸಬಹುದು: ಎಡ ಹಿಮ್ಮಡಿ ಅದುಮಿ ಹಿಡಿದಿರುವಷ್ಟು ಹೊತ್ತು ಬಲಗಾಲಿನ ಎಲ್ಲ ಗುಂಡಿಗಳಿಗೂ ಎರಡನೆಯ ಕೆಲಸ.

ಕಾಲು ಕೈಯಲ್ಲ

ಕೈ ಮಾಡುವುದನ್ನೆಲ್ಲ ಕಾಲೂ ಮಾಡಬಲ್ಲದು ಎಂಬ ಉತ್ಸಾಹದ ಮಾತನ್ನು ನಾನು ಒಪ್ಪಲಾರೆ. ಮಿದುಳಿನ ಯಾವ ಭಾಗ ಯಾವ ಅಂಗವನ್ನು ಆಡಿಸುತ್ತದೆ ಎಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ನರಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ 1930ರ ದಶಕದಲ್ಲಿ ಗುರುತಿಸಿದಾಗ ಕೈಬೆರಳುಗಳಿಗೆ ವಿಶಾಲವಾದ ಜಾಗ ಸಿಕ್ಕಿತ್ತು. ಪಾದಕ್ಕೆ ಸಿಕ್ಕಿದ್ದು ಎರಡು ಅರ್ಧಗೋಳಗಳ ನಡುವಿನ ಸೀಳಿನಲ್ಲಿ ಸಣ್ಣ ತುಂಡು. ಹತ್ತು ಕಾಲ್ಬೆರಳುಗಳಿದ್ದರೂ ಅವನ್ನು ಹತ್ತು ಗುಂಡಿಗಳಿಗೆ ಹಚ್ಚಲು ಬಹುತೇಕರಿಗೆ ಆಗುವುದಿಲ್ಲ.

ತೂಕವೂ ಅಡ್ಡಿ. ಒಂದು ಇಡೀ ಕಾಲು ಮೈತೂಕದ ಸುಮಾರು ಶೇಕಡಾ 16. ಇಡೀ ತೋಳು ಸುಮಾರು ಶೇಕಡಾ 5. 60 ಕಿಲೊ ತೂಗುವವರ ಕಾಲು ಹತ್ತಿರ ಹತ್ತಿರ 10 ಕಿಲೊ. ಅದನ್ನು ಎತ್ತಿ ಇಳಿಸುತ್ತ ಗಂಟೆಗಟ್ಟಲೆ ಆಡಲಾಗದು. ಆದರೆ ಅದೇ ವ್ಯಕ್ತಿಯ ಪಾದವೊಂದೇ ಒಂದು ಕಿಲೊಗೂ ಕಡಿಮೆ. ಹಿಮ್ಮಡಿ ಊರಿ ಮುಂಗಾಲಿನಿಂದ ಮಾತ್ರ ಅದುಮುವ ಅಭ್ಯಾಸಕ್ಕೆ ಬೆಲೆ ಬರುವುದು ಇಲ್ಲಿ. ಗೇಮ್ ಜೋನಿನ ನುರಿತ ಆಟಗಾರರನ್ನು ಗಮನಿಸಿ, ಅವರು ಕಾಲನ್ನು ಎತ್ತುವುದಕ್ಕಿಂತ ಜಾರಿಸುವುದೇ ಹೆಚ್ಚು. ಬೆನ್ನ ಹಿಂದಿನ ಕಂಬಿ ಹಿಡಿಯುವುದೂ ಕಾಲಿನ ಮೇಲಿನ ಭಾರ ಕಡಿಮೆ ಮಾಡಲೆಂದೇ.

ಕಾಲು ಚೆನ್ನಾಗಿ ಮಾಡುವ ಕೆಲಸವೆಂದರೆ ಒತ್ತಿ ಹಿಡಿಯುವುದು, ಲಯ ಹಿಡಿಯುವುದು, ಬಲವನ್ನು ಹದವಾಗಿ ಏರಿಸಿ ಇಳಿಸುವುದು. ಮಗ್ಗದ ಮೆಟ್ಟು, ಹೊಲಿಗೆ ಯಂತ್ರದ ಪೆಡಲು, ಕಾರಿನ ಆಕ್ಸಿಲರೇಟರ್ ಎಲ್ಲವೂ ಇದನ್ನೇ ನೆಚ್ಚಿಕೊಂಡಿವೆ. ಬೆಂಗಳೂರಿನಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೆಲಸ ಜೋರಾಗಿದ್ದ ಕಾಲದಲ್ಲಿ ಅಮೆರಿಕದ ವೈದ್ಯರ ದನಿಮುದ್ರಣ ಕೇಳಿ ಟೈಪ್ ಮಾಡುತ್ತಿದ್ದವರು ಕಾಲಡಿಯ ಪೆಡಲಿನಿಂದಲೇ ದನಿಯನ್ನು ನಿಲ್ಲಿಸಿ, ಹಿಂದಕ್ಕೋಡಿಸಿ, ಮತ್ತೆ ನಡೆಸುತ್ತಿದ್ದರು. ಕೈ ಕೀಬೋರ್ಡ್ ಬಿಟ್ಟು ಏಳುತ್ತಲೇ ಇರಲಿಲ್ಲ.

ಹಾಗಾಗಿ ಸರದಿಯ ಆಟ, ಕಾರಿನ ಆಟ, ಲಯದ ಆಟ ಕಾಲಿಗೆ ಬೇಗ ಒಲಿಯುತ್ತವೆ. ಮೌಸ್‌ನಿಂದ ಕೂದಲೆಳೆಯಷ್ಟು ಗುರಿ ಹಿಡಿಯಬೇಕಾದ ಶೂಟಿಂಗ್ ಆಟಗಳು ಕಷ್ಟ. ಅಂಥ ಕಡೆ ಕೆಲಸ ಹಂಚಿಕೊಳ್ಳುವುದು ಒಳ್ಳೆಯ ದಾರಿ: ಗುರಿ ಕೈಗೆ, ನಡಿಗೆ ಕಾಲಿಗೆ.

ಕೈ ಆಡದವರ ಆಟ

ಸ್ಪರ್ಧೆಯ ಸಾಹಸಗಳಿಗಿಂತ ಈ ಹಲಗೆ ಹೆಚ್ಚು ಅರ್ಥ ಪಡೆಯುವುದು ಬೇರೊಂದು ಮನೆಯಲ್ಲಿ. ಹುಟ್ಟಿನಿಂದ ಕೈಯಿಲ್ಲದವರು, ಅಪಘಾತದಲ್ಲಿ ಕೈ ಕಳೆದುಕೊಂಡವರು, ಸೆರೆಬ್ರಲ್ ಪಾಲ್ಸಿಯಿಂದ ಬೆರಳು ಸ್ವಾಧೀನದಲ್ಲಿಲ್ಲದವರು, ಪಾರ್ಶ್ವವಾಯುವಿನಿಂದ ಒಂದು ಪಕ್ಕ ಸೋತವರು, ವರ್ಷಗಟ್ಟಲೆ ಟೈಪಿಸಿ ಮಣಿಕಟ್ಟು ಬಿಗಿದುಕೊಂಡವರು. ಗೇಮ್ ಕಂಟ್ರೋಲರ್ ಎಂಬ ವಸ್ತು ಎರಡು ಕೈ, ಎರಡು ಹೆಬ್ಬೆರಳು ಚೆನ್ನಾಗಿರುವವರನ್ನೇ ಕಣ್ಣಮುಂದಿಟ್ಟುಕೊಂಡು ತಯಾರಾದದ್ದು. ಗೆಳೆಯರೆಲ್ಲ ಆಡುವಾಗ ಪಕ್ಕದಲ್ಲಿ ಕೂತು ನೋಡುವ ಮಗುವಿಗೆ ಇದು ಸಣ್ಣ ಸಂಗತಿಯಲ್ಲ.

ಇದನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರು ಸೇವಾಸಂಸ್ಥೆಗಳು: ಅಮೆರಿಕದ ಏಬಲ್‌ಗೇಮರ್ಸ್, ಬ್ರಿಟನ್ನಿನ ಸ್ಪೆಷಲ್‌ಎಫೆಕ್ಟ್. ಒಬ್ಬೊಬ್ಬರ ದೇಹ ನೋಡಿ ಒಬ್ಬೊಬ್ಬರಿಗೆ ಸಾಧನ ಹೊಂದಿಸಿಕೊಡುವುದು ಅವರ ಕ್ರಮ. ದೊಡ್ಡ ಕಂಪನಿಗಳು ಬಂದದ್ದು ತಡವಾಗಿ. 2018ರಲ್ಲಿ ಮೈಕ್ರೊಸಾಫ್ಟ್ ‘ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್’ ತಂದಿತು. ಮೇಲೆ ಎರಡು ದೊಡ್ಡ ಗುಂಡಿ. ಹಿಂಬದಿಯಲ್ಲಿ ಸಾಲಾಗಿ 19 ತೂತು. ಇಯರ್‌ಫೋನ್ ಸಿಕ್ಕಿಸುವಂಥ ಆ 3.5 ಮಿಲಿಮೀಟರ್ ತೂತುಗಳಿಗೆ ಕಾಲಿನ ಪೆಡಲು, ಮೊಣಕೈ ಸ್ವಿಚ್ಚು, ಏನನ್ನಾದರೂ ಸಿಕ್ಕಿಸಬಹುದು. ಅಂಗವಿಕಲರ ಸಹಾಯಕ ಸ್ವಿಚ್ಚುಗಳು ಬಹುಕಾಲದಿಂದ ಬಳಸುತ್ತಿದ್ದ ಅಳತೆಯ ಪಿನ್ನನ್ನೇ ಕಂಪನಿ ಆರಿಸಿದ್ದು ಬಹಳ ಒಳ್ಳೆಯ ತೀರ್ಮಾನ. ಇದ್ದ ಸಾಧನಗಳನ್ನು ಎಸೆಯಬೇಕಾಗಲಿಲ್ಲ. 2023ರ ಕೊನೆಗೆ ಸೋನಿಯೂ ಪ್ಲೇಸ್ಟೇಷನ್‌ಗೆ ಇಂಥದೊಂದನ್ನು ತಂದಿತು.

ಎಕ್ಸ್‌ಬಾಕ್ಸ್‌ನಲ್ಲಿ ಎರಡು ಕಂಟ್ರೋಲರುಗಳನ್ನು ಒಂದೇ ಎಂಬಂತೆ ಬೆಸೆಯುವ ಸೌಲಭ್ಯವೂ ಇದೆ. ತಂಗಿಯ ಕಾಲು ಕಾರಿನ ವೇಗ ನೋಡಿಕೊಳ್ಳಲಿ, ಅಣ್ಣನ ಕೈ ಸ್ಟಿಯರಿಂಗ್ ತಿರುಗಿಸಲಿ. ಇಬ್ಬರೂ ಸೇರಿ ಒಬ್ಬ ಆಟಗಾರ.

ಹಿರಿಯರ ಹೆಜ್ಜೆ

ಕಾಲಿನಾಟದಿಂದ ಮೈಗೆ ಏನು ಲಾಭ ಎಂಬ ಪ್ರಶ್ನೆ ಮೊದಲು ಎದ್ದದ್ದು ಮಕ್ಕಳ ವಿಷಯದಲ್ಲಿ. ಅಮೆರಿಕದ ಮೇಯೊ ಕ್ಲಿನಿಕ್‌ನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಣಿತದ ಆಟವಾಡುವಾಗ ಮಕ್ಕಳ ದೇಹ ವಿಶ್ರಾಂತಿಯಲ್ಲಿರುವಾಗಿನ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ ವ್ಯಯಿಸುತ್ತಿತ್ತು. ಅದೇ ವರ್ಷ ವೆಸ್ಟ್ ವರ್ಜೀನಿಯಾ ರಾಜ್ಯ ತನ್ನ ಸರ್ಕಾರಿ ಶಾಲೆಗಳಿಗೆಲ್ಲ ಈ ಆಟ ಒದಗಿಸುವುದಾಗಿ ಘೋಷಿಸಿತು.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸುದ್ದಿ ಬಂದದ್ದು ಸಿಡ್ನಿಯಿಂದ. ಅಲ್ಲಿನ ನ್ಯೂರೊಸೈನ್ಸ್ ರಿಸರ್ಚ್ ಆಸ್ಟ್ರೇಲಿಯಾ ಸಂಸ್ಥೆಯವರು 65 ದಾಟಿದ 769 ಜನರನ್ನು ಒಂದು ವರ್ಷ ಗಮನಿಸಿದರು. ಒಂದು ಗುಂಪಿಗೆ ಟಿವಿಗೆ ಜೋಡಿಸಿದ ಹೆಜ್ಜೆಚಾಪೆ ಕೊಟ್ಟು ಮನೆಯಲ್ಲೇ ಆಡಲು ಹೇಳಿದರು. 2024ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಾಹಿತಿಯ ಕಿರುಪುಸ್ತಕವನ್ನಷ್ಟೇ ಕೊಟ್ಟ ಗುಂಪಿಗೆ ಹೋಲಿಸಿದರೆ ಚಾಪೆಯ ಗುಂಪಿನಲ್ಲಿ ಬೀಳುವುದು ಶೇಕಡಾ 26ರಷ್ಟು ಕಡಿಮೆಯಾಗಿತ್ತು. ಕೂತು ಆಡುವ ಬುದ್ಧಿಯ ಆಟಗಳನ್ನು ಕೊಟ್ಟ ಮೂರನೆಯ ಗುಂಪಿನಲ್ಲಿ ಹಾಗೆ ಖಚಿತವಾಗಿ ಹೇಳುವಂಥ ಇಳಿಕೆ ಕಾಣಲಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಬಚ್ಚಲಲ್ಲಿ ಕಾಲು ಜಾರಿದಾಗ ಉಳಿಸುವುದು ತೋಳ್ಬಲವಲ್ಲ. ತಟ್ಟನೆ ಸರಿಯಾದ ಕಡೆಗೆ ಇಡುವ ಒಂದು ಹೆಜ್ಜೆ. ನೋಡು, ತೀರ್ಮಾನಿಸು, ಇಡು ಎಂಬ ಅದೇ ಸರಣಿಯನ್ನು ಚಾಪೆ ದಿನವೂ ನೂರಾರು ಸಲ ಮಾಡಿಸುತ್ತದೆ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಹಿರಿಯರನ್ನು ಕಾಣದ ಮನೆ ನಮ್ಮಲ್ಲಿ ಅಪರೂಪ. ಆದರೆ ಅಜ್ಜಿ-ತಾತನಿಗೆಂದು ಚಾಪೆ ಹಾಸುವವರು ನೆನಪಿಡಬೇಕು: ಜಾರುವ ಅಗ್ಗದ ಪ್ಲಾಸ್ಟಿಕ್ ಚಾಪೆ ಇವರಿಗೆ ಅಪಾಯಕಾರಿ. ಹಿಡಿದುಕೊಳ್ಳಲು ಗಟ್ಟಿ ಆಸರೆ ಬೇಕು, ಮೊದಲ ದಿನಗಳಲ್ಲಿ ಪಕ್ಕದಲ್ಲೊಬ್ಬರು ಇರಬೇಕು, ವೈದ್ಯರನ್ನೋ ಫಿಸಿಯೊಥೆರಪಿಸ್ಟರನ್ನೋ ಕೇಳಿಯೇ ಶುರುಮಾಡಬೇಕು.

ಕಟ್ಟಿಕೊಳ್ಳುವ ಮುನ್ನ

ಗಟ್ಟಿಮುಟ್ಟಾದ ಸಿದ್ಧ ಹಲಗೆಗಳು ತಯಾರಾಗುವುದು ಹೆಚ್ಚಾಗಿ ಹೊರದೇಶಗಳಲ್ಲಿ. ಭಾರವಾದ ವಸ್ತುವಾದ್ದರಿಂದ ಸಾಗಣೆ ಮತ್ತು ಸುಂಕವೇ ಕೈ ಕಚ್ಚುತ್ತದೆ. ಬಿಡಿಭಾಗಗಳಿಗೆ ಮಾತ್ರ ಕೊರತೆಯಿಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಮೈಕ್ರೊಕಂಟ್ರೋಲರ್, ಸ್ವಿಚ್ಚು, ತಂತಿ ಸಿಗುತ್ತವೆ. ಪ್ಲೈವುಡ್ ಕತ್ತರಿಸಿಕೊಡಲು ಊರಿಗೊಬ್ಬ ಬಡಗಿ ಇದ್ದಾರೆ. ಶಾಲೆಯ ವಿಜ್ಞಾನ ಮೇಳಕ್ಕೆ ಮಕ್ಕಳೇ ಮಾಡಬಹುದಾದಷ್ಟು ಸರಳ ಕೆಲಸ ಇದು.

ಶುರುಮಾಡುವವರು ಎರಡೇ ಗುಂಡಿಯಿಂದ ಶುರುಮಾಡುವುದು ಮೇಲು. ಕಾಲಿಗೆ ಅವು ರೂಢಿಯಾದ ಮೇಲೆ ಮೂರನೆಯದು. ಚಕ್ರವಿರುವ ಕುರ್ಚಿ ಬೇಡ, ಒತ್ತಿದಾಗಲೆಲ್ಲ ಹಿಂದಕ್ಕೆ ಸರಿಯುತ್ತದೆ. ಅಪಾರ್ಟ್‌ಮೆಂಟಿನವರು ಹಲಗೆಯಡಿ ದಪ್ಪ ರಬ್ಬರ್ ಹಾಸಿದರೆ ಕೆಳಮನೆಯವರ ನಿದ್ದೆ ಕೆಡುವುದಿಲ್ಲ. ಮೊಣಕಾಲು ನೋವಿದ್ದವರು ನಿಂತು ಆಡುವ ಗೋಜಿಗೆ ಹೋಗದೆ ಕೂತೇ ಆಡಲಿ.

ಆಟ ಕೊಳ್ಳುವ ಮುನ್ನ ಅದರ ಸೆಟ್ಟಿಂಗ್ಸ್‌ನಲ್ಲಿ ಗುಂಡಿಗಳ ಕೆಲಸ ಬದಲಿಸಲು ಅವಕಾಶವಿದೆಯೇ ಎಂದು ವಿಚಾರಿಸಿ. 2020ರ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಆಟವನ್ನು ಆಡುವವರ ದೇಹಕ್ಕೆ ಹೊಂದಿಸುವ 60ಕ್ಕೂ ಹೆಚ್ಚು ಸೌಲಭ್ಯಗಳೊಂದಿಗೆ ಬಂತು. ಪ್ರತಿ ಗುಂಡಿಯನ್ನೂ ಬದಲಿಸಬಹುದು, ಪದೇ ಪದೇ ಬಡಿಯಬೇಕಾದ ಕಡೆ ಒತ್ತಿ ಹಿಡಿದರೆ ಸಾಕು ಎಂದು ಆರಿಸಿಕೊಳ್ಳಬಹುದು. ಆದರೂ ಎಷ್ಟೋ ಆಟಗಳಲ್ಲಿ ಕೀಲಿಗಳು ಇಂದಿಗೂ ಮೊಳೆ ಹೊಡೆದಂತೆ ಕೂತಿವೆ. ಸಣ್ಣ ತಂಡಗಳು ಮಾಡಿದ ಆಟವಾದರೆ ತಯಾರಕರಿಗೆ ನೇರವಾಗಿ ಬರೆದು ಕೇಳಿ. ಮುಂದಿನ ಅಪ್‌ಡೇಟಿನಲ್ಲಿ ಸೇರಿಸುವವರಿದ್ದಾರೆ. ಅದೂ ಆಗದಿದ್ದರೆ, ಗುಂಡಿಯ ಕೆಲಸವನ್ನು ಆಟದ ಹೊರಗಿನಿಂದಲೇ ಬದಲಿಸುವ ಜಾಯ್‌ಟುಕೀಯಂಥ ತಂತ್ರಾಂಶಗಳಿವೆ. ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಮಳಿಗೆಯಲ್ಲಿ ಕೊಂಡ ಆಟವಾದರೆ ಈ ಸೌಲಭ್ಯ ಅದರೊಳಗೇ ಇದೆ.